ವಿದೂಷಕರೂ ವೃತ್ತಪತ್ರಿಕೆಗಳೂ

ಮಂತ್ರಿಯು ಹೇಳಲು ಹಿಂಜರಿದ ಮಾತನ್ನು ವಿದೂಷಕನು ನಗುನಗುತ್ತ ಹೇಳಿಬಿಡುವುದು ಪುರಾತನ ಪದ್ಧತಿ. ಪ್ರಜೆಯೇ ಪ್ರಭುವಾಗಿರುವ ಈ ಕಾಲದಲ್ಲಿ, ಪ್ರಭುವಿಗೆ ನಿಜವನ್ನರುಹುವ ಮಂತ್ರಿಯ ಕರ್ತವ್ಯವು ವೃತ್ತಪತ್ರಿಕೆಗೆ ಸಂದಿದೆ. ಆದರೆ ಅನೇಕ ತರುಣರು ಈಗ ದೇಶದ ವರ್ತಮಾನವನ್ನು ತಿಳಿಯುವುದು ಮೊಬೈಲಿನಲ್ಲಿ ಬರುವ ಹಾಸ್ಯಗಾರರ ಬಾಯಿಂದ. ಇದಕ್ಕೆ ಹಾಸ್ಯಗಾರನನ್ನು ದೂರುವುದು ನ್ಯಾಯವೆ?

ಈ ವಿಚಾರವು ತುಮಕೂರು ಸೀಮೆಗೆ ಹೊಸದಲ್ಲ. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪೆನಿಯ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದರು. ತುಮಕೂರಿನ ಕಲಾಕ್ಷೇತ್ರವು ಅವರ ಹೆಸರನ್ನೇ ಹೊತ್ತಿದೆ. ವೃತ್ತಿರಂಗಭೂಮಿಯ ಆ ಪರಂಪರೆಯಲ್ಲಿಯೇ ಬೆಳೆದು 2019ರಲ್ಲಿ ದಿವಂಗತರಾದ ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯವನ್ನೇ ಸಂಭಾಷಣೆಯಾಗಿ ಮಾಡಿಕೊಂಡು, ಅಧಿಕಾರಸ್ಥರನ್ನು ಮುಖಕ್ಕೆ ಮುಖ ಕೊಟ್ಟು ಹಾಸ್ಯಮಾಡಿದರು. ಪತ್ರಿಕೆ ಓದಲು ಬಾರದವರಿಗೂ ಅವರ ನಾಟಕವು ಸಂಪಾದಕೀಯವಾಯಿತು.

ದೂರದ ಅಮೆರಿಕದಲ್ಲಿಯೂ 2004ರಲ್ಲಿ ಜಾನ್ ಸ್ಟೀವರ್ಟ್ ಎಂಬ ಹಾಸ್ಯಗಾರನು ಸಿ.ಎನ್.ಎನ್. ವಾಹಿನಿಯ ಚರ್ಚಾಕೂಟಕ್ಕೆ ಹೋಗಿ, ನಿಮ್ಮ ಈ ಕೂಗಾಟವು ದೇಶಕ್ಕೆ ಕೇಡೆಂದು ನಿರ್ವಾಹಕರನ್ನೇ ಗದರಿದನು. ಮರುವರ್ಷದ ಜನವರಿಯಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸುವುದಾಗಿ ವಾಹಿನಿಯು ಸಾರಿತು. ಪತ್ರಿಕಾಧರ್ಮವನ್ನು ವಿದೂಷಕನು ನೆನಪಿಸಬೇಕಾದುದು ಯಾರಿಗೆ ಗೌರವ?

ಹಾಗೆಂದು ನಗೆಮಾತೇ ವರ್ತಮಾನವಾಗದು. ಹೇಮಾವತಿಯ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಷಯವನ್ನೇ ನೋಡಿರಿ. ತಮ್ಮ ಪಾಲಿನ ನೀರು ತಪ್ಪೀತೆಂದು ಗುಬ್ಬಿ ತಾಲ್ಲೂಕಿನಲ್ಲಿ 2025ರ ಮೇ ತಿಂಗಳಲ್ಲಿ ರೈತರು ದೊಡ್ಡ ಪ್ರತಿಭಟನೆ ನಡೆಸಿದರು. ತಮಗೆ ಸಲ್ಲಬೇಕಾದ ನೀರು ಇನ್ನೂ ತಲುಪಲಿಲ್ಲವೆಂಬುದು ಕುಣಿಗಲಿನವರ ಅಳಲು. ಇಬ್ಬರೂ ಒಕ್ಕಲುಮಕ್ಕಳೇ. ಇಲ್ಲಿ ಒಬ್ಬ ಮುಖಂಡನನ್ನು ಅಣಕಿಸಿ ನಗಿಸುವುದು ಸುಲಭ. ಯಾರಿಗೆಷ್ಟು ನೀರು ಹಂಚಿಕೆಯಾಗಿದೆ, ಎಷ್ಟು ಹರಿದಿದೆ, ಎಲ್ಲಿ ಸೋರಿದೆ ಎಂಬುದನ್ನು ನಾಲೆಯ ದಡದಲ್ಲಿ ನಡೆದು ಲೆಕ್ಕಹಾಕಿ ಬರೆಯತಕ್ಕವನು ವರದಿಗಾರನು. ಆ ಲೆಕ್ಕವಿಲ್ಲದಿದ್ದರೆ ಹಾಸ್ಯಗಾರನ ಬಾಣಕ್ಕೂ ಗುರಿಯಿರದು.

ಆದುದರಿಂದ ಎರಡು ಮಾತುಗಳು ಸ್ಪಷ್ಟವಾಗಬೇಕು. ಹಾಸ್ಯಗಾರನ ಬಾಯಿ ಕಟ್ಟುವುದು ಸಲ್ಲದು. 2021ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮುನಾವರ್ ಫಾರೂಕಿಯವರ ಕಾರ್ಯಕ್ರಮವು ಪೊಲೀಸರ ಸೂಚನೆಯಿಂದ ರದ್ದಾದುದು, ‘ಲಂಚಾವತಾರ’ವನ್ನು ನೋಡಿ ಚಪ್ಪಾಳೆಯಿಟ್ಟ ನಾಡಿಗೆ ಶೋಭೆ ತರುವಂಥದ್ದಲ್ಲ. ಎರಡನೆಯದಾಗಿ, ಪತ್ರಿಕೆಗಳು ವಿದೂಷಕನ ಟೋಪಿಯನ್ನು ತಾವು ಧರಿಸತಕ್ಕದ್ದಲ್ಲ. ವೇಷ ಹಾಕಿದವನಿಗೆ ಉತ್ಪ್ರೇಕ್ಷೆಯು ಭೂಷಣ. ವೇಷವಿಲ್ಲದ ಪತ್ರಿಕೆಗೆ ಅದೇ ಅಸತ್ಯ. ಅಳುಕಿಲ್ಲದ ಮಾತನ್ನು ಹಾಸ್ಯಗಾರನಿಂದ ಕಲಿಯಲಿ, ಅಂಕೆಯಿಲ್ಲದ ಮಾತನ್ನು ಅವನಿಗೇ ಬಿಡಲಿ. ನಗಿಸಿ ಎಚ್ಚರಿಸುವುದು ಅವನ ಕೆಲಸ. ಎಚ್ಚೆತ್ತವನ ಕೈಗೆ ದೀಪ ಕೊಡುವುದು ನಮ್ಮದು.