ಚಾಂಪಿಯನ್ ರೀಫ್‌ನ ಮಕ್ಕಳಿಗೆ ಫ್ರಾನ್ಸ್ ದೂರವೇ?



ಕಳೆದ ವಾರ ಬಂಗಾರಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಅವನ ಮಗಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಫ್ರಾನ್ಸಿನಲ್ಲಿ ಪಿಎಚ್.ಡಿ. ಮಾಡುವ ಹಂಬಲದಲ್ಲಿದ್ದಾಳೆ. "ನಮ್ಮಂಥವರಿಗೆ ಎಲ್ಲಿಯ ಫ್ರಾನ್ಸು ಸಾರ್? ಹೊಲ ಮಾರಬೇಕಾದೀತು. ಬಿ.ಇಡ್. ಮಾಡಿಕೋ ಅಂತ ನೀವೇ ಒಂದು ಮಾತು ಹೇಳಿ" ಎಂದು ಅವನು ಬೇಡಿಕೊಂಡ. ನಾನು ಹೇಳಲಿಲ್ಲ. ಏಕೆಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊದಲು 'ನಮ್ಮಂಥವರಿಗೆ' ಎಂಬ ಮಾತು. 1951ರಲ್ಲಿ ಹೋಮಿ ಭಾಭಾ ಅವರು ನಂಜನಗೂಡಿನ ಬಿ.ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿಯನ್ನು ಸಂಶೋಧನೆಗೆಂದು ಕಳುಹಿಸಿದ್ದು ಎಲ್ಲಿಗೆ? ನಮ್ಮ ಕೆ.ಜಿ.ಎಫ್.ಗೆ! ನೆಲದಾಳದಲ್ಲಿ ವಿಶ್ವಕಿರಣಗಳನ್ನು ಅಳೆದ ಆ ಕೆಲಸವೇ ಅವರ ಡಾಕ್ಟರೇಟಿಗೆ ಆಧಾರವಾಯಿತು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ ಭಾರತ, ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅದನ್ನು ಕಂಡ ಜಗತ್ತಿನ ಮೊದಲಿಗರಲ್ಲಿ ಅವರೂ ಸೇರಿದ್ದಾರೆ. 1980ರ ದಶಕದಲ್ಲಿ ಪ್ರೋಟಾನ್ ಕ್ಷಯಿಸುವುದೇ ಎಂಬ ಹುಡುಕಾಟ ಇಲ್ಲಿಯೂ ನಡೆಯಿತು, ಫ್ರಾನ್ಸ್–ಇಟಲಿ ನಡುವಣ ಫ್ರೆಜೂಸ್ ಸುರಂಗದಲ್ಲಿಯೂ ನಡೆಯಿತು. ಅವರ ತಲೆಯ ಮೇಲೆ ಇದ್ದುದು ಸುಮಾರು 1,700 ಮೀಟರ್ ಬಂಡೆ. ಆಳದಲ್ಲಿ ನಾವೇ ಮುಂದಿದ್ದೆವು.

ನಮ್ಮ ಗಣಿ 2001ರಲ್ಲಿ ಮುಚ್ಚಿತು. ಅವರ ಮೊದಾನ್ ಭೂಗತ ಪ್ರಯೋಗಾಲಯ ಇಂದಿಗೂ ನಡೆಯುತ್ತಿದೆ. ಇಲ್ಲಿ ಮುಚ್ಚಿದ ಬಾಗಿಲನ್ನು ನಮ್ಮ ಮಗಳು ಅಲ್ಲಿ ತಟ್ಟಿದರೆ ಅದು ದುರಾಸೆಯೇ?

ಇನ್ನು ಹಣದ ಮಾತು. ಸಾಲ ಮಾಡಿ ಹೊರದೇಶದಲ್ಲಿ ಎಂ.ಎಸ್. ಓದಿಸುವುದನ್ನು ಕಂಡ ನಮಗೆ ಎಲ್ಲ ವಿದೇಶಿ ಓದೂ ಹಾಗೆಯೇ ಎಂಬ ಭ್ರಮೆ. ಫ್ರಾನ್ಸಿನಲ್ಲಿ ಡಾಕ್ಟರೇಟ್ ಒಪ್ಪಂದ ದೊರೆತರೆ ಸಂಶೋಧಕನು ಸಂಬಳ ಪಡೆಯುವ ನೌಕರ. ಸಾಮಾನ್ಯವಾಗಿ ಮೂರು ವರ್ಷ. ಕಡಿತಗಳಿಗೆ ಮೊದಲು ತಿಂಗಳಿಗೆ ಎರಡು ಸಾವಿರ ಯೂರೋಗಳಿಗೂ ಮೇಲ್ಪಟ್ಟ ವೇತನ. ಸರ್ಕಾರಿ ವಿಶ್ವವಿದ್ಯಾಲಯದ ನೋಂದಣಿ ಶುಲ್ಕ ವರ್ಷಕ್ಕೆ ಸುಮಾರು 400 ಯೂರೋ. ಭಾರತದಲ್ಲಿಯೇ ಪಿಎಚ್.ಡಿ. ಮಾಡುವವರು ಕೆಲವು ತಿಂಗಳು ಅಲ್ಲಿ ಕೆಲಸ ಮಾಡಲು ರಾಮನ್–ಶಾರ್ಪಾಕ್ ಫೆಲೋಷಿಪ್ ಇದೆ. ಸ್ಪರ್ಧೆ ಕಠಿಣ, ನಿಜ. ಆದರೆ ಅರ್ಜಿ ಹಾಕುವ ಮೊದಲೇ ಸೋಲಿಸುವವರು ಪರೀಕ್ಷಕರಲ್ಲ, ನಾವು.

'ನಾವು' ಎಂದದ್ದು ಸುಮ್ಮನೆ ಅಲ್ಲ. ತೊಂಬತ್ತರ ದಶಕದಲ್ಲಿ ಗಣಿ ಕಾರ್ಮಿಕರೊಬ್ಬರ ಮಗಳು, ನನ್ನ ತರಗತಿಯ ಅತ್ಯಂತ ಚುರುಕಾದ ಹುಡುಗಿ, ಮುಂದೆ ಸಂಶೋಧನೆ ಮಾಡಬಹುದೇ ಎಂದು ನನ್ನನ್ನು ಕೇಳಿದ್ದಳು. "ಅದೆಲ್ಲ ದೊಡ್ಡವರಿಗಮ್ಮ, ಬಿ.ಇಡ್. ಮಾಡಿಕೋ" ಎಂದೆ. ಬಿ.ಇಡ್. ಕೀಳಲ್ಲ, ಅದೇ ನನಗೆ ಅನ್ನ ಕೊಟ್ಟಿದೆ. ಆಕೆಯೂ ಇಂದು ಒಳ್ಳೆಯ ಶಿಕ್ಷಕಿ. ಆದರೆ ಆ ದಾರಿಯನ್ನು ಆಯ್ದುದು ಅವಳಲ್ಲ, ನಾನು. ವಿಚಾರಿಸಿಯೂ ನೋಡದೆ ಆಡಿದ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಶಿಷ್ಯನಿಗೆ ಹೇಳಿದ್ದಿಷ್ಟೇ: "ಹೊಲ ಮಾರಬೇಡಪ್ಪ. ಮಗಳನ್ನೂ ತಡೆಯಬೇಡ." ನೀವು ಯಾರಾದರೂ ಆ ದೇಶದಲ್ಲಿ ಸಂಶೋಧನೆ ಮಾಡಿದ್ದರೆ ನನಗೆ ಬರೆಯಿರಿ. ಅವಳಿಗೆ ತಲುಪಿಸುವ ಕೆಲಸ ನನ್ನದು. ಹಳೆಯ ಸಾಲವೊಂದು ಬಾಕಿಯಿದೆ.