‘ಸ್ವಲ್ಪ’ ಎಂದರೆ ಎಷ್ಟು?

ಪ್ರಯೋಗದ ರೆಕಾರ್ಡಿನಲ್ಲಿ ‘ಸ್ವಲ್ಪ ಆಮ್ಲ ಸೇರಿಸಿದೆ’ ಎಂದು ಬರೆದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಸ್ವಲ್ಪ ಎಂದರೆ ಮೂರು ಹನಿಯೋ, ಮೂರು ಮಿಲಿಲೀಟರೋ? ‘ಅಷ್ಟಕ್ಕೇ ಒಂದು ಅಂಕ ಕಳೆಯಬೇಕೇ ಸಾರ್?’ ಎನ್ನುವ ವಿದ್ಯಾರ್ಥಿಗಳಿಗೂ ಅವರ ಪರವಾಗಿ ಬರುವ ಪೋಷಕರಿಗೂ ಇಂದು ಕಂಪ್ಯೂಟರ್ ಲೋಕದ ಒಂದು ಕಥೆ.

ಪೇಪರ್ ಹಾಕುವ ಹುಡುಗ ಮನೆ ಬಾಗಿಲಿಗೇ ಪತ್ರಿಕೆ ತರುತ್ತಾನೆ. ಇಂಟರ್‌ನೆಟ್ಟಿನಲ್ಲಿ ಆ ಕೆಲಸ ‘ಫೀಡ್’ನದು. ತಾಣದಲ್ಲಿ ಹೊಸದಾಗಿ ಬಂದ ಬರಹಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ರೂಪದಲ್ಲಿ ಇಟ್ಟಿರುತ್ತಾರೆ. ನಮ್ಮ ತಂತ್ರಾಂಶ ಆಗಾಗ ಅದನ್ನು ಓದಿ ಹೊಸದನ್ನು ತೋರಿಸುತ್ತದೆ. 1999ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿ ಇದಕ್ಕಾಗಿ ಆರ್‌ಎಸ್‌ಎಸ್ ಎಂಬ ಮಾದರಿ ತಂದಿತು. ಅದನ್ನು ರೂಪಿಸಿದವರಲ್ಲಿ ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ ಒಬ್ಬರು. 2000ದ ಡಿಸೆಂಬರಿನಲ್ಲಿ ಬಂದ 1.0 ಆವೃತ್ತಿಯ ತಂಡದಲ್ಲಿದ್ದ ಆರನ್ ಸ್ವಾರ್ಟ್ಜ್‌ಗೆ ಆಗ ಹದಿನಾಲ್ಕೇ ವರ್ಷ, ನಮ್ಮ ಒಂಬತ್ತನೇ ತರಗತಿ ಹುಡುಗನ ವಯಸ್ಸು!

2002ರಲ್ಲಿ ಡೇವ್ ವೈನರ್ ತಂದ 2.0 ಆವೃತ್ತಿ ಸರಳವಾಗಿತ್ತು, ಬೇಗ ಹರಡಿತು. ಆದರೆ ಅದರ ವಿವರಣೆಯಲ್ಲೂ ‘ಸ್ವಲ್ಪ ಆಮ್ಲ’ ಇತ್ತು. ತಲೆಬರಹದಲ್ಲಿರುವುದು ಬರಿಯ ಅಕ್ಷರವೋ, ಎಚ್‌ಟಿಎಂಎಲ್ ಸಂಕೇತವೋ ಎಂಬುದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಎಚ್‌ಟಿಎಂಎಲ್‌ನಲ್ಲಿ ಸಂಕೇತ ಶುರುವಾಗುವುದು ಗಣಿತದ ‘ಚಿಕ್ಕದು’ ಚಿಹ್ನೆಯಿಂದಲೇ. ಹೀಗಾಗಿ ‘ಎ, ಬಿಗಿಂತ ಚಿಕ್ಕದು’ ಎಂದು ಚಿಹ್ನೆ ಹಾಕಿ ಬರೆದ ತಲೆಬರಹವನ್ನು ಒಂದು ತಂತ್ರಾಂಶ ಸರಿಯಾಗಿ ತೋರಿಸಿದರೆ, ಇನ್ನೊಂದು ಚಿಹ್ನೆಯ ಮುಂದಿನದನ್ನು ನುಂಗಿಬಿಡಬಹುದಿತ್ತು.

2003ರಲ್ಲಿ ಸ್ಯಾಮ್ ರೂಬಿ ಮೊದಲಾದವರು ಹೊಸ ಮಾನಕಕ್ಕೆ ಕೈಹಾಕಿದರು. ಬಹಿರಂಗ ಚರ್ಚೆಯಿಂದ ರೂಪುಗೊಂಡ ಅದರ ಹೆಸರು ‘ಆಟಮ್’. 2005ರ ಡಿಸೆಂಬರಿನಲ್ಲಿ ಇಂಟರ್‌ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ ಅದನ್ನು ಆರ್‌ಎಫ್‌ಸಿ 4287 ಎಂದು ಪ್ರಕಟಿಸಿತು. ಪ್ರತಿ ಬರಹಕ್ಕೂ ತಲೆಬರಹ, ಬದಲಾಗದ ಗುರುತು, ತಿದ್ದಿದ ಸಮಯ ಕಡ್ಡಾಯ. ತಲೆಬರಹ ಯಾವ ಬಗೆಯದೆಂದು ಹೇಳಲು ಜಾಗವುಂಟು. ಹೇಳದಿದ್ದರೆ ಬರಿಯ ಅಕ್ಷರವೆಂದೇ ಅರ್ಥ.

ಆಟಮ್ ಗೆದ್ದಿತೇ? ಪೂರ್ತಿ ಇಲ್ಲ. ಪಾಡ್‌ಕಾಸ್ಟ್‌ಗಳು ಹಳೆಯ 2.0 ಮೇಲೆಯೇ ಬೆಳೆದು ಇಂದಿಗೂ ಅಲ್ಲೇ ಇವೆ. ಒಮ್ಮೆ ಹರಡಿದ್ದನ್ನು ತಿದ್ದುವುದು ಕಷ್ಟ. ಆದರೂ ಬರೆದಿಟ್ಟದ್ದರ ಲಾಭ ನೋಡಿ: 2013ರಲ್ಲಿ ಗೂಗಲ್ ತನ್ನ ‘ರೀಡರ್’ ಮುಚ್ಚಿದಾಗ ಫೀಡ್‌ಗಳು ಸಾಯಲಿಲ್ಲ. ನಿಯಮ ಎಲ್ಲರ ಕೈಯಲ್ಲೂ ಇತ್ತು, ಓದುವ ತಂತ್ರಾಂಶವನ್ನು ಬೇರೆಯವರು ಒದಗಿಸಿದರು.

ಪೋಷಕರೇ, ಇಂದು ಮಗುವಿನ ರೆಕಾರ್ಡ್ ಓದಿ ನೋಡಿ. ಅದನ್ನಷ್ಟೇ ಓದಿ ಪ್ರಯೋಗ ಮಾಡಲು ನಿಮಗೆ ಸಾಧ್ಯವೆನಿಸಿದರೆ, ಆ ಒಂದು ಅಂಕ ಕೊಡಲು ನನ್ನದೇನೂ ಅಭ್ಯಂತರವಿಲ್ಲ.