ಆನ್‌ಲೈನ್ ಪಾಠದ ಶುಲ್ಕ: ಯಾರಿಂದ, ಯಾವಾಗ?

ಇಂದಿರಾನಗರದ ಎಚ್.ಎ.ಎಲ್. ಎರಡನೆಯ ಹಂತಕ್ಕೂ ದೊಮ್ಮಲೂರಿಗೂ ನಡುವಣ ದಾರಿ ಕಾಲ್ನಡಿಗೆಯಲ್ಲೇ ಕ್ರಮಿಸಬಹುದಾದಷ್ಟು ಅಲ್ಪವಾದದ್ದು. ಆದರೆ ವಿದ್ಯಾಪ್ರಸಾರದ ವಿಷಯದಲ್ಲಿ ಈ ಎರಡು ನೆರೆಹೊರೆಗಳಲ್ಲಿ ಬೆಳೆದ ವಿಚಾರಗಳ ನಡುವಣ ಅಂತರ ಬಲು ದೊಡ್ಡದು. ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ, ಶಂಕರ್ ಮರುವಾಡ ಇವರು ಸ್ಥಾಪಿಸಿ ಇಂದಿರಾನಗರದಲ್ಲಿ ನೆಲೆಗೊಳಿಸಿದ ಏಕ್‌ಸ್ಟೆಪ್ ಪ್ರತಿಷ್ಠಾನವು, ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಿಕೊಳ್ಳಬಹುದಾದ ಸನ್‌ಬರ್ಡ್ ಎಂಬ ತಂತ್ರಾಂಶವನ್ನು ರೂಪಿಸಿತು. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ದೀಕ್ಷಾ ವೇದಿಕೆಯು ನಿಂತಿರುವುದು ಅದೇ ತಳಹದಿಯ ಮೇಲೆ. ದೊಮ್ಮಲೂರಿನಲ್ಲಿ ಕಚೇರಿ ಮಾಡಿಕೊಂಡು ಬೆಳೆದ ಅನ್‌ಅಕಾಡೆಮಿಯಾದರೋ, 2010ರಲ್ಲಿ ಯೂಟ್ಯೂಬ್ ಚಾನೆಲ್ಲಾಗಿ ಹುಟ್ಟಿ, 2015ರಲ್ಲಿ ಕಂಪನಿಯಾಗಿ, 2021ರ ಹೊತ್ತಿಗೆ ಹೂಡಿಕೆದಾರರ ಗಣನೆಯಲ್ಲಿ ಸುಮಾರು 344 ಕೋಟಿ ಡಾಲರು ಬೆಲೆಬಾಳುವ ಸಂಸ್ಥೆಯೆನಿಸಿತು. ಒಂದು ಕಡೆ, ಕಲಿಯುವವನಿಂದ ಕಾಸನ್ನು ಕೇಳದ ಪಾಠ. ಮತ್ತೊಂದು ಕಡೆ, ಚಂದಾ ಕಟ್ಟಿದವನಿಗೆ ಮಾತ್ರ ತೆರೆಯುವ ಪಾಠ.

ಇಂಥ ಸಂಸ್ಥೆಗಳಲ್ಲಿ ಯಾವುದು ಮೇಲು ಎಂದು ತುಲನೆಮಾಡುವಾಗ ತಂದೆತಾಯಿಗಳು ಸಾಮಾನ್ಯವಾಗಿ ನೋಡುವುದು ಅಧ್ಯಾಪಕರ ಖ್ಯಾತಿಯನ್ನು, ರ‍್ಯಾಂಕ್ ಪಡೆದವರ ಭಾವಚಿತ್ರಗಳನ್ನು, ಪಾಠದ ಚಿತ್ರಗಳ ಸೊಗಸನ್ನು. ಅವೆಲ್ಲಕ್ಕಿಂತ ಮೊದಲು ವಿಚಾರಿಸತಕ್ಕ ಪ್ರಶ್ನೆ ಬೇರೊಂದುಂಟೆಂದು ನಾನು ದೃಢವಾಗಿ ನಂಬಿದ್ದೇನೆ: ಶುಲ್ಕವು ಯಾರಿಂದ ಬರುತ್ತದೆ, ಮತ್ತು ಪಾಠದ ಯಾವ ಘಟ್ಟದಲ್ಲಿ ಸಂಸ್ಥೆಯ ಕೈ ಸೇರುತ್ತದೆ? ತಿಂಗಳು ತಿಂಗಳಿಗೆ ಹಣ ಪಡೆಯುವ ಸಂಸ್ಥೆಯು ಇರುವ ವಿದ್ಯಾರ್ಥಿ ಬಿಟ್ಟುಹೋಗದಂತೆ ಪಾಠವನ್ನು ತಿದ್ದಿಕೊಳ್ಳಲೇಬೇಕಾಗುತ್ತದೆ. ಎರಡು ಮೂರು ವರ್ಷಗಳ ಹಣವನ್ನು ಪ್ರವೇಶದ ದಿನವೇ ಪಡೆದ ಸಂಸ್ಥೆಯ ಗಮನವಾದರೋ, ಸಹಜವಾಗಿಯೇ, ಇನ್ನೂ ಪ್ರವೇಶ ಪಡೆಯದವನ ಮನೆಯ ಬಾಗಿಲಿನ ಕಡೆಗೆ ಹರಿಯುತ್ತದೆ.

ಬೈಜೂಸ್ ಸಂಸ್ಥೆಯ ಏಳುಬೀಳುಗಳನ್ನು ಈ ದೃಷ್ಟಿಯಿಂದ ಪರಾಮರ್ಶಿಸಬೇಕು. ಬೈಜು ರವೀಂದ್ರನ್ ಮತ್ತು ದಿವ್ಯಾ ಗೋಕುಲನಾಥ್ ದಂಪತಿಗಳು ಬೆಂಗಳೂರಿನಲ್ಲಿ 2011ರಲ್ಲಿ ಕಂಪನಿಯನ್ನು ಸ್ಥಾಪಿಸಿದರು. 2015ರಲ್ಲಿ ಆ್ಯಪ್ ಬಂದಿತು. 2019ರಲ್ಲಿ ಭಾರತದ ಕ್ರಿಕೆಟ್ ತಂಡದ ಅಂಗಿಯ ಮೇಲೆ ಅದರ ಹೆಸರು ಮೂಡಿತು. ಸುಮಾರು 30 ಕೋಟಿ ಡಾಲರಿಗೆ ವೈಟ್‌ಹ್ಯಾಟ್ ಜೂನಿಯರನ್ನೂ, ನೂರು ಕೋಟಿ ಡಾಲರಿನ ಆಸುಪಾಸಿಗೆ ಆಕಾಶ್ ಕೋಚಿಂಗ್ ಸಂಸ್ಥೆಯನ್ನೂ ಕೊಂಡು, 120 ಕೋಟಿ ಡಾಲರಿನ ವಿದೇಶೀ ಸಾಲವನ್ನು ತಲೆಯ ಮೇಲೆ ಹೊತ್ತು, 2022ರಲ್ಲಿ 2,200 ಕೋಟಿ ಡಾಲರಿನ ಮೌಲ್ಯವನ್ನು ಅದು ಮುಟ್ಟಿತು. ಆದರೆ ಅದೇ ವರ್ಷ, ಬಹುಕಾಲ ವಿಳಂಬಿಸಿ ಹೊರಬಂದ 2020-21ರ ಲೆಕ್ಕಪತ್ರವು 4,588 ಕೋಟಿ ರೂಪಾಯಿಗಳ ನಷ್ಟವನ್ನು ತೋರಿಸಿತು. ಆ ಲೆಕ್ಕದ ತೊಡಕಿನ ಒಂದು ಮುಖ್ಯ ಕಾರಣವು ನಮ್ಮ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು: ಹಲವು ವರ್ಷಗಳ ಪಾಠಕ್ಕೆಂದು ಬಂದ, ಅಥವಾ ಕಂತುಗಳಲ್ಲಿ ಬರಬೇಕಾಗಿದ್ದ ಹಣವನ್ನು ಒಂದೇ ವರ್ಷದ ಆದಾಯವೆಂದು ಬರೆದುಕೊಳ್ಳಲಾಗದು, ಪಾಠವು ನಡೆದ ಮೇರೆಗೆ ಮುಂದಿನ ವರ್ಷಗಳಿಗೂ ಹಂಚತಕ್ಕದ್ದು ಎಂಬ ಲೆಕ್ಕಪರಿಶೋಧನೆಯ ನಿಯಮ. ಕೊಡಬೇಕಾದ ಪಾಠವು ಸಂಸ್ಥೆಯ ಮೇಲಿರುವ ಋಣವೆಂಬ ಸರಳ ಸತ್ಯವನ್ನೇ ಆ ನಿಯಮವು ಹೇಳುತ್ತದೆ. 2024ರ ಜುಲೈ ತಿಂಗಳಲ್ಲಿ, ಕ್ರಿಕೆಟ್ ಮಂಡಳಿಗೆ ಬರಬೇಕಾಗಿದ್ದ 158 ಕೋಟಿ ರೂಪಾಯಿಗಳ ಬಾಕಿಯ ವಿಷಯವಾಗಿ, ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ದಿವಾಳಿ ಪ್ರಕ್ರಿಯೆಗೆ ಅಪ್ಪಣೆ ಕೊಟ್ಟಿತು.

ದೊಡ್ಡ ಅಂಕಿಗಳು ಪತ್ರಿಕೆಯಲ್ಲಿ ಓದಿ ಮರೆಯುವಂಥವು. ಮುಂಗಡ ಶುಲ್ಕವೆಂಬುದು ಮನೆಯೊಳಗೆ ಹೇಗೆ ಪ್ರವೇಶಿಸುತ್ತದೆಂಬುದನ್ನು ನಾನು ಕಂಡದ್ದು ಶಿವಾಜಿನಗರದಲ್ಲಿ, ಕಮರ್ಷಿಯಲ್ ಸ್ಟ್ರೀಟಿನ ಹಿಂದಣ ಓಣಿಯೊಂದರಲ್ಲಿ ಸೀರೆಗೆ ಫಾಲ್ಸ್ ಹಚ್ಚಿ ರವಿಕೆ ಹೊಲಿದು ಜೀವಿಸುವ ಪರಿಚಿತರೊಬ್ಬರ ಮನೆಯಲ್ಲಿ. ಎಂಟನೆಯ ತರಗತಿಯ ಮಗಳಿಗೆ, ತಂದೆತಾಯಿಗಳ ಎದುರಿನಲ್ಲಿಯೇ, ಆನ್‌ಲೈನ್ ಪಾಠವನ್ನು ಮಾರಲು ಬಂದಿದ್ದ ಯುವಕನು ಗಣಿತದ ನಾಲ್ಕಾರು ಪ್ರಶ್ನೆಗಳನ್ನು ಹಾಕಿದನಂತೆ, ಹುಡುಗಿ ತಡವರಿಸಿದಳು, ತಾಯಿಯ ಮುಖ ಬಾಡಿತು. ಬಡ್ಡಿಯಿಲ್ಲದ ಇಎಂಐ ಎಂದರು, ಟ್ಯಾಬ್ ಉಚಿತ ಎಂದರು, ಫೋನಿಗೆ ಬಂದ ಓಟಿಪಿಯನ್ನು ಕೇಳಿ ಬರೆದುಕೊಂಡರು. ತಾವು ಕಟ್ಟುತ್ತಿರುವುದು ಟ್ಯೂಷನ್ ಶುಲ್ಕವೆಂದೇ ಆ ಮನೆಯವರು ತಿಳಿದಿದ್ದರು. ಅದು ಬೇರೊಂದು ಹಣಕಾಸು ಕಂಪನಿಯಿಂದ ತಮ್ಮ ಹೆಸರಿನಲ್ಲಿ ಎತ್ತಿದ ಸಾಲವೆಂದೂ, ಪಾಠದ ಸಂಸ್ಥೆಗೆ ಆ ಮೊತ್ತವು ಆಗಲೇ ಸಂದಾಯವಾಗಿದೆಯೆಂದೂ ಗೊತ್ತಾದದ್ದು, ಮಗಳು ಟ್ಯಾಬನ್ನು ಮುಟ್ಟುವುದನ್ನು ಬಿಟ್ಟ ಮೇಲೆಯೂ ಬ್ಯಾಂಕಿನ ಖಾತೆಯಿಂದ ಪ್ರತಿ ತಿಂಗಳು ಕಂತು ಕಡಿತವಾಗುತ್ತಿರುವ ಸಂದೇಶಗಳು ಬಂದಾಗ. ಕರಾರಿನ ಪ್ರತಿಯನ್ನು ಫೋನಿನಲ್ಲಿಯೇ ನನಗೆ ತೋರಿಸಿದರು. ಉರ್ದುವನ್ನೂ ಕನ್ನಡವನ್ನೂ ಓದಬಲ್ಲ ಆ ಮನುಷ್ಯನಿಗೆ ಅದು ಸಣ್ಣಕ್ಷರದ ಇಂಗ್ಲಿಷಿನಲ್ಲಿತ್ತು; ಸಾಲದಾತನಿಗೂ ಪಾಠದ ಗುಣದೋಷಗಳಿಗೂ ಸಂಬಂಧವಿಲ್ಲವೆಂಬ ವಾಕ್ಯವು ಒಂಬತ್ತನೆಯ ಪುಟದಲ್ಲಿತ್ತು. ಆ ಸಂಸ್ಥೆಯ ಹೆಸರು ಇಲ್ಲಿ ಬೇಕಿಲ್ಲ. ಆ ಪದ್ಧತಿ ಯಾವ ಒಂದು ಸಂಸ್ಥೆಯ ಸ್ವತ್ತೂ ಆಗಿರಲಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯವೇ 2021ರ ಡಿಸೆಂಬರಿನಲ್ಲಿ, ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆಗಳ ವಿಷಯದಲ್ಲಿ ಜಾಗರೂಕರಾಗಿರಬೇಕೆಂದು ಪೋಷಕರಿಗೆ ಎಚ್ಚರಿಕೆಯನ್ನು ಪ್ರಕಟಿಸಬೇಕಾಯಿತು.

ನೇರಪ್ರಸಾರದ ತರಗತಿಗಳನ್ನು ನಡೆಸುವ ಸಂಸ್ಥೆಗಳ ಮಾರ್ಗ ಇದಕ್ಕಿಂತ ಸ್ವಲ್ಪ ಭಿನ್ನವಾದದ್ದು. ವೇದಾಂತು, ಅನ್‌ಅಕಾಡೆಮಿ ಮೊದಲಾದವುಗಳಲ್ಲಿ ಅಧ್ಯಾಪಕನು ಆ ಹೊತ್ತಿಗೆ ಪರದೆಯ ಮೇಲೆ ಸಾಕ್ಷಾತ್ ಇರುತ್ತಾನೆ, ಪ್ರಶ್ನೆಗೆ ಉತ್ತರ ದೊರೆಯುವ ಸಂಭವವಾದರೂ ಇರುತ್ತದೆ. ನೋಯ್ಡಾದ ಫಿಸಿಕ್ಸ್‌ವಾಲಾ ಸಂಸ್ಥೆಯು ಬೆಲೆಯನ್ನು ಕೆಲವು ಸಾವಿರ ರೂಪಾಯಿಗಳಿಗೆ ಇಳಿಸಿ, ವಿದ್ಯಾರ್ಥಿಗಳ ಸಂಖ್ಯೆಯಿಂದಲೇ ಲಾಭವನ್ನು ಕಾಣುವ ದಾರಿ ಹಿಡಿದು, 2025ರ ನವೆಂಬರಿನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಸಾಲವಿಲ್ಲದೆ ಕಟ್ಟಬಹುದಾದ ಶುಲ್ಕವು, ಪಾಠವು ಹಿಡಿಸದೆ ಹೋದರೆ ಮನೆಯನ್ನು ಮುರಿಯದು. ಈ ಗುಣವನ್ನು ನಾನು ಚಿಕ್ಕದೆಂದು ಎಣಿಸಲಾರೆ. ಆದರೆ ಗಮನಾರ್ಹವಾದ ಸಂಗತಿಯೆಂದರೆ, ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಶಾಲೆಗಳು 2022ರಲ್ಲಿ ಮತ್ತೆ ತೆರೆದೊಡನೆ ಇವರೆಲ್ಲರೂ ಇಟ್ಟಿಗೆ ಗಾರೆಯ ಕಟ್ಟಡಗಳನ್ನು ಅರಸಿ ಹೊರಟದ್ದು. ಅನ್‌ಅಕಾಡೆಮಿ ತನ್ನ ಕೇಂದ್ರಗಳನ್ನು ತೆರೆಯಿತು. ಫಿಸಿಕ್ಸ್‌ವಾಲಾ ವಿದ್ಯಾಪೀಠಗಳನ್ನು ತೆರೆಯಿತು. ನಮ್ಮ ಪಿಯು ಕಾಲೇಜುಗಳೊಡನೆ ಕೂಡಿ ಸಿಇಟಿ, ನೀಟ್ ತರಬೇತಿ ಕೊಡುತ್ತಿದ್ದ ಬೆಂಗಳೂರಿನ ದೀಕ್ಷಾ ಸಂಸ್ಥೆಯ ಬಹುಪಾಲನ್ನು ವೇದಾಂತು ಸುಮಾರು 4 ಕೋಟಿ ಡಾಲರಿಗೆ ಕೊಂಡಿತು. (ಸರ್ಕಾರದ ದೀಕ್ಷಾ ವೇದಿಕೆಗೂ ಇದಕ್ಕೂ ಹೆಸರಿನ ಸಾಮ್ಯವಲ್ಲದೆ ಬೇರೆ ನಂಟಿಲ್ಲ.) ಪರದೆಯೊಂದೇ ಸಾಕೆಂದು ವರ್ಷಗಟ್ಟಲೆ ಸಾರಿದವರು, ಹದಿನೇಳು ವರ್ಷದ ಹುಡುಗನಿಗೆ ಎದುರಿನಲ್ಲಿ ನಿಂತು ವಿಚಾರಿಸುವ ಮೇಷ್ಟರು ಬೇಕೆಂಬುದನ್ನು ತಮ್ಮ ಹಣದಿಂದಲೇ ಒಪ್ಪಿಕೊಂಡರು.

ವಯಸ್ಕರ ವಿದ್ಯೆಯ ಪೇಟೆ ಬೇರೆ. ಬೆಳಗಿನ ಹೊತ್ತು ಇಂದಿರಾನಗರದಲ್ಲಿ ಮೆಟ್ರೊ ಹತ್ತಿ ಕೆ.ಆರ್. ಪುರವನ್ನು ದಾಟಿ ವೈಟ್‌ಫೀಲ್ಡಿನ ಕಡೆಗೆ ಹೋಗುವವರಲ್ಲಿ ಎಷ್ಟೋ ಮಂದಿ ತರುಣ ತರುಣಿಯರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪೈಥಾನಿನ ಪಾಠವನ್ನೋ ದತ್ತಾಂಶ ವಿಶ್ಲೇಷಣೆಯ ಪಾಠವನ್ನೋ ನೋಡುತ್ತಿರುತ್ತಾರೆ. ಇವರು ತಮ್ಮ ಸಂಬಳದಿಂದ, ತಾವೇ ಅಳೆದು ಸುರಿದು ಹಣ ಕೊಡುವವರು. ಬಿಟ್ಟುಬಿಡುವ ಸ್ವಾತಂತ್ರ್ಯವೂ ಅವರದೇ. ಸ್ಟ್ಯಾನ್‌ಫರ್ಡಿನ ಇಬ್ಬರು ಪ್ರಾಧ್ಯಾಪಕರು 2012ರಲ್ಲಿ ಕಟ್ಟಿದ ಕೋರ್ಸೆರಾ, ಪಾಠಗಳನ್ನು ಉಚಿತವಾಗಿ ತೆರೆದಿಟ್ಟು ಪ್ರಮಾಣಪತ್ರಕ್ಕೆ ಮಾತ್ರ ಬೆಲೆ ಕಟ್ಟುವ ಮಾರ್ಗವನ್ನು ಹಿಡಿಯಿತು. ಅದೇ ವರ್ಷ ಹಾರ್ವರ್ಡ್ ಮತ್ತು ಎಂಐಟಿಗಳು ಲಾಭದ ಉದ್ದೇಶವಿಲ್ಲದೆ ಆರಂಭಿಸಿದ ಎಡ್ಎಕ್ಸ್ 2021ರಲ್ಲಿ 80 ಕೋಟಿ ಡಾಲರಿಗೆ ಟೂಯು ಎಂಬ ವ್ಯಾಪಾರಿ ಸಂಸ್ಥೆಯ ಪಾಲಾಯಿತು. ಕೊಂಡ ಆ ಸಂಸ್ಥೆ 2024ರಲ್ಲಿ ದಿವಾಳಿ ರಕ್ಷಣೆಯನ್ನು ಕೋರಿತು. ಕಲಿಯುವಾಗ ಏನನ್ನೂ ಪಡೆಯದೆ, ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಇಂತಿಷ್ಟೆಂದು ಪಡೆಯುವ ಒಪ್ಪಂದವನ್ನು ಬೆಂಗಳೂರಿನಲ್ಲೇ ಹುಟ್ಟಿದ ಮಸಾಯಿ ಸ್ಕೂಲ್ ಪ್ರಚಾರಕ್ಕೆ ತಂದಿತು. ಶುಲ್ಕವು ಫಲಾನಂತರ ಬರುವ ಈ ಪದ್ಧತಿಯಲ್ಲಿ ನ್ಯಾಯದ ಒಂದಂಶವಿದೆ. ಆದರೆ ಉದ್ಯೋಗ ದೊರೆಯದ ವಿದ್ಯೆಯು ಅಲ್ಲಿ ಬೋಧಿಸಲು ಯೋಗ್ಯವೇ ಅಲ್ಲವಾಗುತ್ತದೆ. ಇತಿಹಾಸವನ್ನಾಗಲಿ ಕನ್ನಡ ಸಾಹಿತ್ಯವನ್ನಾಗಲಿ ಆ ಕರಾರಿನ ಮೇಲೆ ಯಾರೂ ಕಲಿಸಲಾರರು.

ಇವೆಲ್ಲಕ್ಕೂ ಮೊದಲೇ, ಬಹು ಕಡಿಮೆ ಸದ್ದಿನಿಂದ ನಡೆದು ಬಂದ ಪ್ರಯತ್ನವೊಂದುಂಟು. ಏಳು ಐಐಟಿಗಳೂ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳನ್ನು ಕೇಳುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವನು ಒಂದು ಸಾವಿರ ರೂಪಾಯಿಯ ಆಸುಪಾಸಿನ ಪರೀಕ್ಷಾಶುಲ್ಕವನ್ನು ಕಟ್ಟಿ, ಗೊತ್ತಾದ ಕೇಂದ್ರಕ್ಕೆ ತಾನೇ ಹೋಗಿ ಕುಳಿತು ಬರೆಯಬೇಕು. ಪಾಠಕ್ಕೆ ರಾಷ್ಟ್ರದ ಬೊಕ್ಕಸ, ಪರೀಕ್ಷೆಗೆ ಮಾತ್ರ ಪರೀಕ್ಷಾರ್ಥಿ ಎಂಬ ಈ ವಿಭಾಗವು ನಾನು ಕಂಡ ಎಲ್ಲ ವ್ಯವಸ್ಥೆಗಳಲ್ಲಿ ಅತ್ಯಂತ ಗೌರವಯುತವಾದದ್ದು. ಕಲಿಕೆಯನ್ನು ನಡುವೆ ನಿಲ್ಲಿಸಿದವನಿಗೆ ಅಲ್ಲಿ ಯಾವ ನಷ್ಟವೂ ಇಲ್ಲ. ಅವನನ್ನು ಹಿಡಿದಿಟ್ಟುಕೊಂಡು ಲಾಭ ಪಡೆಯುವವರೂ ಇಲ್ಲ.

ಆದರೂ ಉಚಿತವಾದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆನ್ನುವಂತಿಲ್ಲ. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವು ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿ, ಜುಲೈ 8ರಂದು ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮ ಯೋಜನೆಯಲ್ಲಿ, ಸರ್ಕಾರೀ ಶಾಲೆಯ ಅಧ್ಯಾಪಕರು ಮೊದಲು ಮಕ್ಕಳನ್ನು ಸ್ಮಾರ್ಟ್‌ಫೋನುಳ್ಳವರು, ಸಾಧಾರಣ ಫೋನುಳ್ಳವರು, ಏನೂ ಇಲ್ಲದವರು ಎಂದು ವಿಂಗಡಿಸಿಕೊಂಡು, ಏನೂ ಇಲ್ಲದವರಿದ್ದಲ್ಲಿಗೆ ತಾವೇ ನಡೆದುಹೋದರು. ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ನಿಲ್ಲಿಸಬೇಕಾಯಿತು. ಆದರೆ ಪರದೆ ತಲುಪದ ಮಗುವಿನ ಬಳಿಗೆ ಅಧ್ಯಾಪಕನೇ ಹೋಗಬೇಕೆಂದು ಅದು ನಡೆದಷ್ಟು ಕಾಲ ಸ್ಥಾಪಿಸಿದ ಸತ್ಯವನ್ನು ಯಾವ ಹೂಡಿಕೆದಾರನ ವರದಿಯೂ ಅಷ್ಟು ಸ್ಪಷ್ಟವಾಗಿ ಹೇಳಿಲ್ಲ. ಪಠ್ಯಪುಸ್ತಕದ ಅಂಚಿನಲ್ಲಿ ಅಚ್ಚಾಗಿರುವ ಕ್ಯುಆರ್ ಚೌಕವನ್ನು ಸ್ಕ್ಯಾನ್ ಮಾಡಿದರೆ ದೀಕ್ಷಾದ ಪಾಠವು ತೆರೆದುಕೊಳ್ಳುತ್ತದೆ, ನಿಜ. ಪಾಠದ ಮಧ್ಯದಲ್ಲಿ ಹುಟ್ಟಿದ ಸಂಶಯವನ್ನು ಕೇಳುವುದಕ್ಕೆ ಆ ಚೌಕದ ಹಿಂದೆ ಯಾರೂ ಇಲ್ಲ. ಖಾಸಗಿ ಸಂಸ್ಥೆಗಳು ಮಾರುತ್ತಿರುವುದು ಮುಖ್ಯವಾಗಿ ಆ ಕೊರತೆಯನ್ನೇ. ಆ ಕೊರತೆಯಿರುವ ತನಕ ಶಿವಾಜಿನಗರದ ದರ್ಜಿಯು ಓಟಿಪಿಯನ್ನು ಕೊಡುತ್ತಲೇ ಇರುತ್ತಾನೆ.

ಆದುದರಿಂದ ನಾನು ಕೇಳುವುದು ಎರಡು ಬಗೆಯ ಕ್ರಮಗಳನ್ನು. ಮೊದಲನೆಯದು ನಿಯಮಕ್ಕೆ ಸಂಬಂಧಿಸಿದ್ದು. ಕೇಂದ್ರವು 2024ರ ಜನವರಿಯಲ್ಲಿ ಹೊರಡಿಸಿದ ಕೋಚಿಂಗ್ ಮಾರ್ಗಸೂಚಿಯು, ನಡುವೆ ಬಿಟ್ಟ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನಗಳೊಳಗಾಗಿ ಹಿಂದಿರುಗಿಸಬೇಕೆನ್ನುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರವು ಕೋಚಿಂಗ್ ಜಾಹೀರಾತುಗಳ ಸುಳ್ಳಿಗೆ ಕಡಿವಾಣ ಹಾಕಿತು. ಇವುಗಳ ಸಾರವನ್ನು ರಾಜ್ಯವು ಆನ್‌ಲೈನ್ ಸಂಸ್ಥೆಗಳಿಗೂ ನಿಸ್ಸಂದೇಹವಾಗಿ ಅನ್ವಯಿಸುವಂತೆ ಕಾನೂನಾಗಿ ಮಾಡಬೇಕು. ಶಾಲಾ ಮಕ್ಕಳ ಪಾಠಕ್ಕೆ ಮೂರು ತಿಂಗಳಿಗಿಂತ ಹೆಚ್ಚಿನ ಮುಂಗಡವನ್ನು ಪಡೆಯುವುದನ್ನು ತಡೆಯಬೇಕು. ಅಂಥ ಪಾಠಕ್ಕಾಗಿ ಪೋಷಕರ ಹೆಸರಿನಲ್ಲಿ ಎತ್ತುವ ಸಾಲದ ಪತ್ರವು ಕನ್ನಡದಲ್ಲಿಯೂ, ಅವರು ಓದಬಲ್ಲ ಮತ್ತೊಂದು ಭಾಷೆಯಲ್ಲಿಯೂ ಇರಲೇಬೇಕು, ಪಾಠ ನಿಂತರೆ ಕಂತೂ ನಿಲ್ಲಬೇಕು.

ಎರಡನೆಯದು ಸರ್ಕಾರದ ಖರ್ಚಿಗೆ ಸಂಬಂಧಿಸಿದ್ದು, ಇನ್ನೂ ಮುಖ್ಯವಾದದ್ದು. ಇಂದು ಉಚ್ಚ ನ್ಯಾಯಾಲಯವಿರುವ ಅಠಾರಾ ಕಚೇರಿಯನ್ನು ಕಟ್ಟಿದ ಗುತ್ತಿಗೆದಾರರಾದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು, ದಂಡುಪ್ರದೇಶದ ಬಡವರ ಮಕ್ಕಳಿಗೆಂದು 1873ರಲ್ಲಿ ಉಚಿತ ಶಾಲೆಯನ್ನು ತೆರೆದರು; ಅವರ ಧರ್ಮಸಂಸ್ಥೆಯ ವಿದ್ಯಾಲಯಗಳು ಹಲಸೂರು ಕೆರೆಯ ಸುತ್ತಮುತ್ತ ಇಂದಿಗೂ ನಡೆಯುತ್ತಿವೆ. ಒಬ್ಬ ವರ್ತಕನು ತನ್ನ ಸಂಪಾದನೆಯಿಂದ ಮಾಡಿದ್ದನ್ನು ಈ ಸಿರಿವಂತ ನಗರವು ತನ್ನ ತೆರಿಗೆಯಿಂದ ಮಾಡಲಾರದೆಂದು ನಾನು ಒಪ್ಪಲಾರೆ. ಕೋಚಿಂಗ್ ಶುಲ್ಕದ ಮೇಲೆ ಶೇಕಡಾ 18ರ ಜಿಎಸ್‌ಟಿ ಈಗಲೂ ವಸೂಲಾಗುತ್ತಿದೆ. ಅದರಲ್ಲಿ ರಾಜ್ಯದ ಪಾಲೂ ಇದೆ. ಆ ಪಾಲಿನಿಂದ, ಶಿವಾಜಿನಗರ, ಹಲಸೂರು, ಕೆ.ಆರ್. ಪುರಗಳ ಸರ್ಕಾರೀ ಪ್ರೌಢಶಾಲೆಗಳಲ್ಲಿಯೂ ಪಿಯು ಕಾಲೇಜುಗಳಲ್ಲಿಯೂ ಸಂಜೆ ಐದರಿಂದ ಎಂಟರ ತನಕ ಒಂದೊಂದು ಕೊಠಡಿಯನ್ನು ತೆರೆದಿಡಲಿ. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ದೀಕ್ಷಾದ, ಎನ್‌ಪಿಟಿಇಎಲ್‌ನ, ಖಾನ್ ಅಕಾಡೆಮಿಯ ಕನ್ನಡ ಪಾಠಗಳ ನೆರವು, ಮತ್ತು ಪಕ್ಕದಲ್ಲಿ ತಿಂಗಳ ಸಂಬಳ ಪಡೆಯುವ, ಮಕ್ಕಳ ಹೆಸರು ಬಲ್ಲ ಒಬ್ಬ ಗಣಿತದ ಅಧ್ಯಾಪಕಿ ಮತ್ತು ಒಬ್ಬ ವಿಜ್ಞಾನದ ಅಧ್ಯಾಪಕ. ಬರುವ ಜೂನಿನಲ್ಲಿ ಶಾಲೆಗಳು ಆರಂಭವಾಗುವ ಹೊತ್ತಿಗೆ ಮೂರು ವಾರ್ಡುಗಳಲ್ಲಿಯಾದರೂ ಇದನ್ನು ಮಾಡಿ ತೋರಿಸುವಂತೆ ಶಿಕ್ಷಣ ಇಲಾಖೆಯನ್ನು ಈ ಭಾಗದ ಶಾಸಕರು ಒತ್ತಾಯಿಸಲಿ. ಅದಕ್ಕೆ ಬೇಕಾದ ಹಣದ ಲೆಕ್ಕವನ್ನು ಆಯವ್ಯಯದ ಚರ್ಚೆಯಲ್ಲಿಯೇ ಸಭೆಯ ಮುಂದಿಡಲಿ.